ಮನೆಯಲ್ಲೇ ಕಾರಿನ ಬ್ರೇಕ್ ಕೆಲಸ: ಯಾವ ಟೂಲ್ಸ್ ಬೇಕೇ ಬೇಕು, ಯಾವುದು ಬರೀ ಶೋಕಿ?

ನಾಲ್ಕುಚಕ್ರ

ಮುಂದಿನ ಪ್ಯಾಡ್ ಸವೆದು 3 ಮಿ.ಮೀ. ಹತ್ತಿರ ಬಂದಿದೆ. ಬ್ರೇಕ್ ಆಯಿಲ್ ಬದಲಾಯಿಸಿಯೂ ಎರಡು ವರ್ಷದ ಮೇಲಾಯ್ತು. ಈ ಸಲ ಎರಡನ್ನೂ ನಾನೇ ಮಾಡೋಣ ಅಂತಿದ್ದೀನಿ. ಎಂಜಿನ್ ಆಯಿಲ್, ಫಿಲ್ಟರ್, ಬ್ಯಾಟರಿ ಇವೆಲ್ಲ ಮಾಡಿ ಅಭ್ಯಾಸ ಇದೆ, ಬ್ರೇಕಿಗೆ ಮಾತ್ರ ಇನ್ನೂ ಕೈ ಹಾಕಿಲ್ಲ. ಟ್ರಾಲಿ ಜಾಕ್, ಸಾಕೆಟ್ ಸೆಟ್, ಒಂದು ಟಾರ್ಕ್ ರೆಂಚ್ (ನಟ್ಟನ್ನ ಅಳತೆಯಷ್ಟೇ ಬಿಗಿಯೋ ಪಾನಾ) ಇದೆ. ಹುಡುಕಿದ್ರೆ ಪಿಸ್ಟನ್ ಒತ್ತೋಕೆ ಒಂದು ಸೆಟ್, ಬ್ರೇಕ್ ಪೈಪಿಂದ ಏರ್ ತೆಗೆಯೋಕೆ ಒಂದು ಪಂಪ್, ಸ್ಪ್ರಿಂಗಿಗೆ ಒಂದು ಪ್ಲೇಯರ್ ಅಂತ ಪಟ್ಟಿ ಮುಗಿಯೋದೇ ಇಲ್ಲ. ನಿಜಕ್ಕೂ ಏನು ಬೇಕು, ಯಾವುದು ಇಲ್ಲದಿದ್ರೂ ನಡೆಯುತ್ತೆ? ಮಾಡಿ ಗೊತ್ತಿರೋರು ಹೇಳಿ.

ಹಳೇಪಾನಾ

ಜಾಕ್ ಇದೆ ಅಂದ್ರಿ, ಜಾಕ್ ಸ್ಟ್ಯಾಂಡ್ ಹೆಸರೇ ಎತ್ತಲಿಲ್ಲ. ಮೊದಲ ದುಡ್ಡು ಅದಕ್ಕೇ ಹೋಗಲಿ. ಜಾಕ್ ಇರೋದು ಎತ್ತೋಕೆ, ಹೊತ್ತು ನಿಲ್ಲೋಕಲ್ಲ. ಅದರೊಳಗಿನ ಸೀಲ್ ಕೈಕೊಟ್ರೆ ಕಾರು ಹೇಳದೆ ಕೇಳದೆ ಇಳಿದುಬಿಡುತ್ತೆ. ಗಟ್ಟಿಯಾದ ಸಮತಟ್ಟು ನೆಲ ನೋಡ್ಕೊಳ್ಳಿ, ನೆಲದ ಮೇಲೇ ಉಳಿಯೋ ಚಕ್ರಗಳಿಗೆ ಎರಡೂ ಕಡೆ ಅಡ್ಡ ಕೊಡಿ, ಬಿಚ್ಚಿದ ಚಕ್ರವನ್ನ ಕಾರಿನ ಅಂಚಿನ ಕೆಳಗೆ ಮಲಗಿಸಿ. ಚಕ್ರದ ನಟ್ಟುಗಳನ್ನ ಎತ್ತೋಕೆ ಮುಂಚೆಯೇ ಅರ್ಧ ಸುತ್ತು ಸಡಿಲ ಮಾಡಿಟ್ಕೊಂಡ್ರೆ ಆಮೇಲೆ ಕಾರನ್ನ ಅಲ್ಲಾಡಿಸೋ ಕೆಲಸ ಇರಲ್ಲ.

ಇನ್ನು ಟೂಲ್ಸ್. ಪ್ಯಾಡ್ ಬಿಚ್ಚಿ ಹಾಕೋಕೆ ನಿಮ್ಮ ಸಾಕೆಟ್ ಸೆಟ್ಟೇ ಸಾಕು, ಬಹಳಷ್ಟು ಕಾರುಗಳಲ್ಲಿ ಎರಡು ಬೋಲ್ಟಿನ ಕೆಲಸ. ಹೊತ್ತು ಹಿಡಿಯೋದು ನಡುವಿನ ಕೆಲಸಕ್ಕೆ. ಕ್ಯಾಲಿಪರ್ (ಪಿಸ್ಟನ್ನಿಂದ ಪ್ಯಾಡನ್ನ ಡಿಸ್ಕಿಗೆ ಒತ್ತೋ ಹಿಡಿ) ತನ್ನ ಪಿನ್ ಮೇಲೆ ಜಾರಬೇಕು, ಪ್ಯಾಡಿನ ಕಿವಿಗಳು ಅದನ್ನ ಹೊತ್ತಿರೋ ಬ್ರಾಕೆಟ್ ಒಳಗೆ ಜಾರಬೇಕು, ಡಿಸ್ಕ್ ಹಬ್ (ಚಕ್ರ ಕೂರೋ ನಡುಭಾಗ) ಮೇಲೆ ಸಪಾಟಾಗಿ ಕೂರಬೇಕು. ಮನೇಲಿ ಮಾಡಿದ ಬ್ರೇಕ್ ಕೆಲಸ ಕೆಟ್ಟಿತು ಅಂದ್ರೆ ಈ ಮೂರರಲ್ಲಿ ಒಂದು ಕಡೆ ತುಕ್ಕು ಹಾಗೇ ಉಳಿದಿರುತ್ತೆ, ಪ್ಯಾಡ್ ಯಾವ ಕಂಪನಿದು ಅನ್ನೋದು ಎರಡನೇ ಮಾತು. ಅದಕ್ಕೇ ನನ್ನ ಪಟ್ಟಿಯಲ್ಲಿ ಮೊದಲು ಬರೋದು ವೈರ್ ಬ್ರಷ್, ಒಂದು ಚಪ್ಪಟೆ ಅರ, ಎಮರಿ ಪೇಪರ್, ಬ್ರೇಕ್ ಕ್ಲೀನರ್ ಮತ್ತೆ ಬ್ರೇಕಿಗೇ ಅಂತ ಬರೋ ಸಿಲಿಕೋನ್ ಇಲ್ಲವೇ ಸೆರಾಮಿಕ್ ಗ್ರೀಸ್. ವೀಲ್ ಬೇರಿಂಗಿಗೆ ಹಾಕೋ ಮಾಮೂಲಿ ಗ್ರೀಸ್ ಅಲ್ಲಿ ಬೇಡ. ಪೆಟ್ರೋಲಿಯಂ ಗ್ರೀಸ್ ತಾಗಿದ್ರೆ ಪಿನ್ನಿನ ಸುತ್ತ ಇರೋ ರಬ್ಬರ್ ಉಬ್ಬುತ್ತೆ, ಪಿನ್ ಮೊದಲಿಗಿಂತ ಬಿಗಿಯಾಗಿ ಸಿಕ್ಕಿಹಾಕಿಕೊಳ್ಳುತ್ತೆ.

ಕ್ಯಾಲಿಪರ್ ಬಿಚ್ಚಿದ ಮೇಲೆ ಹೋಸ್ ಮೇಲೆ ನೇತಾಡೋಕೆ ಬಿಡಬೇಡಿ. ಒಂದು ಗಟ್ಟಿ ತಂತಿ ಬಗ್ಗಿಸಿ ಸಸ್ಪೆನ್ಷನ್ ಸ್ಪ್ರಿಂಗಿಗೆ ತಗುಲಿಸಿ. ಅದಕ್ಕೂ ಬಣ್ಣ ಬಣ್ಣದ ಕೊಕ್ಕೆ ಮಾರ್ತಾರೆ, ತಗೊಂಡು ಆಗೋದೇನೂ ಇಲ್ಲ.

ಎಣ್ಣೆಕೈ

ಪಿಸ್ಟನ್ ಒತ್ತೋ ಸೆಟ್ ಮುಂದಿನ ಬ್ರೇಕಿಗೆ ಬೇಡ. ಒಂದು ಸಿ ಕ್ಲಾಂಪ್ ಸಾಕು. ಹಳೇ ಪ್ಯಾಡನ್ನೇ ಪಿಸ್ಟನ್ ಮೇಲಿಟ್ಟು ಅದರ ಮೇಲೆ ಕ್ಲಾಂಪ್ ಬಿಗಿದರೆ ಒತ್ತಡ ಸಮನಾಗಿ ಬೀಳುತ್ತೆ, ಪಿಸ್ಟನ್ ಓರೆ ಹೋಗಲ್ಲ. ಸ್ಕ್ರೂಡ್ರೈವರ್ ತೂರಿಸಿ ಮೀಟೋ ಅಭ್ಯಾಸ ಮಾಡ್ಕೋಬೇಡಿ, ಪಿಸ್ಟನ್ ಸುತ್ತ ಧೂಳು ತಡೆಯೋ ರಬ್ಬರ್ ಹರಿದ್ರೆ ಅಲ್ಲಿಂದ ನೀರು ಒಳಗಿಳಿಯುತ್ತೆ.

ಒತ್ತೋ ಮುಂಚೆ ಬಾನೆಟ್ ತೆಗೆದು ಬ್ರೇಕ್ ಆಯಿಲ್ ಡಬ್ಬಿ ನೋಡಿ. ಪ್ಯಾಡ್ ಸವೆದಂತೆ ಮಟ್ಟ ಇಳಿದಿರುತ್ತೆ, ಯಾರಾದ್ರೂ ನಡುವೆ ಅದನ್ನ ತುಂಬಿಸಿದ್ರೆ ನೀವು ಒತ್ತಿದಾಗ ಉಕ್ಕಿ ಬರುತ್ತೆ. ಅದು ಬಣ್ಣ ತಿನ್ನೋ ದ್ರವ. ಚೆಲ್ಲಿದ್ರೆ ತಕ್ಷಣ ನೀರು ಹುಯ್ದು ತೊಳೀರಿ, ಬರೀ ಬಟ್ಟೆಯಲ್ಲಿ ಒರೆಸೋಕೆ ಹೋದ್ರೆ ಇನ್ನಷ್ಟು ಹರಡುತ್ತೆ.

ನಾನು ಒತ್ತೋವಾಗ ಬ್ಲೀಡರ್ (ಕ್ಯಾಲಿಪರಿಂದ ಆಯಿಲ್, ಗಾಳಿ ಹೊರಬಿಡೋ ಟೊಳ್ಳು ಸ್ಕ್ರೂ) ತೆರೆದು ಟ್ಯೂಬ್ ಹಾಕಿ ಬಾಟಲಿಗೆ ಬಿಡ್ತೀನಿ. ಕ್ಯಾಲಿಪರ್ ಒಳಗಿರೋದು ಇಡೀ ಸಿಸ್ಟಂನ ಅತಿ ಕೊಳೆ ಆಯಿಲ್. ಅದನ್ನ ವಾಪಸ್ ಎಬಿಎಸ್ (ಚಕ್ರ ಲಾಕ್ ಆಗದ ಹಾಗೆ ತಡೆಯೋ ಯಂತ್ರ) ಕಡೆ ಯಾಕೆ ತಳ್ಳಬೇಕು?

ನಟ್ಟುಬೋಲ್ಟು

ಎಣ್ಣೆಕೈ ಅವರೇ, ತತ್ವ ಸರಿ. ಆದ್ರೆ ಹತ್ತು ವರ್ಷದಿಂದ ತೆರೆಯದ ಬ್ಲೀಡರ್ ಮೇಲೆ ಪಾನಾ ಇಟ್ಟು ತಿರುವಿದ್ರೆ ಅದು ಮುರಿದು ಕೈಗೆ ಬರುತ್ತೆ. ಒಂದು ಗಂಟೆಯಲ್ಲಿ ಮುಗಿಯೋ ಪ್ಯಾಡ್ ಕೆಲಸ ಹೊಸ ಕ್ಯಾಲಿಪರಿಗೆ ಬಂದು ನಿಲ್ಲುತ್ತೆ. ಬರೀ ಪ್ಯಾಡ್ ಹಾಕೋರಿಗೆ ಬ್ಲೀಡರ್ ಮುಟ್ಟಬೇಡಿ, ನಿಧಾನಕ್ಕೆ ಒತ್ತಿ ಅಂತಲೇ ಹೇಳ್ತೀನಿ.

ನಾಲ್ಕುಚಕ್ರ ಅವರು ಹೇಗೂ ಆಯಿಲ್ ಬದಲಾಯಿಸ್ತಿದ್ದಾರೆ, ಹಾಗಾಗಿ ತೆರೆಯಲೇಬೇಕು. ಹಿಂದಿನ ರಾತ್ರಿಯೇ ಬ್ಲೀಡರ್ ಬುಡಕ್ಕೆ ತುಕ್ಕು ಬಿಡಿಸೋ ಎಣ್ಣೆ ಹಾಕಿಡಿ. ಬೆಳಿಗ್ಗೆ ಸಣ್ಣ ಸುತ್ತಿಗೆಯಲ್ಲಿ ತಲೆ ಮೇಲೆ ನೇರಕ್ಕೆ ಮೆಲ್ಲಗೆ ನಾಲ್ಕು ತಟ್ಟಿ. ಮೊದಲು ಬಿಗಿಯೋ ಕಡೆಗೆ ಕೂದಲೆಳೆಯಷ್ಟು, ಆಮೇಲೆ ಬಿಚ್ಚೋ ಕಡೆಗೆ. ಮೊದಲ ತಿರುವಿಗೆ ಆರು ಮೂಲೆಯ ಸಾಕೆಟ್ಟೇ ಇರಲಿ, ಹನ್ನೆರಡು ಮೂಲೆಯ ರಿಂಗ್ ಪಾನಾ ಜಾರಿ ಮೂಲೆ ಉರುಟು ಮಾಡುತ್ತೆ. ಮೂಲೆ ಆಗಲೇ ಹೋಗಿದ್ರೆ ಲಾಕಿಂಗ್ ಪ್ಲೇಯರ್ ಹಿಡಿಯೋ ಮುಂಚೆ, ಬ್ಲೀಡರಿನ ತೂತಿಗೆ ಸರಿಯಾಗಿ ಕೂರೋ ಡ್ರಿಲ್ ಬಿಟ್ಟಿನ ಹಿಂಭಾಗ ತೂರಿಸಿ. ಒಳಗೆ ಟೊಳ್ಳಾಗಿರೋದ್ರಿಂದಲೇ ಅದು ನಜ್ಜುಗುಜ್ಜಾಗಿ ಮುರಿಯೋದು, ಒಳಗೆ ಉಕ್ಕು ಇದ್ರೆ ತಡೆದುಕೊಳ್ಳುತ್ತೆ.

ಪೈಪಿನ ನಟ್ಟಿಗೆ ಕೈ ಹಾಕೋ ಪ್ರಸಂಗ ಬಂದ್ರೆ ಫ್ಲೇರ್ ನಟ್ ಪಾನಾ (ನಟ್ಟನ್ನ ಹೆಚ್ಚುಕಮ್ಮಿ ಸುತ್ತಲೂ ಹಿಡಿಯೋದು) ಬೇಕೇ ಬೇಕು. ಓಪನ್ ಪಾನಾ ಎರಡೇ ಮುಖ ಹಿಡಿಯುತ್ತೆ, ಆ ನಟ್ಟು ಮೆತ್ತಗಿನ ಲೋಹ.

ನಾಲ್ಕುಚಕ್ರ

ಸ್ಟ್ಯಾಂಡ್ ಬಂತು, ಬಿಚ್ಚಿದೆ. ಬಲಗಡೆ ಎರಡೂ ಪ್ಯಾಡ್ ಸಮನಾಗಿ ಸವೆದಿವೆ. ಎಡಗಡೆ ಮಾತ್ರ ಒಳಗಿನ ಪ್ಯಾಡ್ ಕಬ್ಬಿಣದ ತಗಡಿಗೆ ಬಂದಿದೆ, ಹೊರಗಿಂದು ಇನ್ನೂ 6 ಮಿ.ಮೀ. ಇದೆ! ಚಕ್ರದ ಸಂದಿಯಿಂದ ಇಣುಕಿದ್ರೆ ಕಾಣೋದು ಹೊರಗಿಂದು ಮಾತ್ರ. ಹೊಸ ಪ್ಯಾಡ್ ಹಾಕಿ ಮುಚ್ಚಿಬಿಡ್ಲಾ, ಇಲ್ಲಾ ಬೇರೆ ಏನಾದ್ರೂ ನೋಡ್ಬೇಕಾ?

ಹಳೇಪಾನಾ

ಮುಚ್ಚಬೇಡಿ. ರೋಗ ಹಾಗೇ ಇದ್ರೆ ಹೊಸ ಪ್ಯಾಡಿಗೂ ಅದೇ ಗತಿ.

ನಿಮ್ಮದು ತೇಲುವ ಕ್ಯಾಲಿಪರ್. ಪಿಸ್ಟನ್ ಒಳಗಡೆ ಮಾತ್ರ ಇರುತ್ತೆ. ಅದು ಒಳಗಿನ ಪ್ಯಾಡನ್ನ ಡಿಸ್ಕಿಗೆ ಒತ್ತಿದ ಮೇಲೆ, ಅದೇ ಒತ್ತಡದಲ್ಲಿ ಇಡೀ ಕ್ಯಾಲಿಪರ್ ಪಿನ್ ಮೇಲೆ ಹಿಂದಕ್ಕೆ ಜಾರಿ ಹೊರಗಿನ ಪ್ಯಾಡನ್ನ ಎಳೆದು ತರಬೇಕು. ಪಿನ್ ಹಿಡಿದುಕೊಂಡಿದ್ರೆ ಹೊರಗಿನ ಪ್ಯಾಡ್ ಬಂದು ತಾಗೋದೇ ಕಷ್ಟ, ಕೆಲಸವೆಲ್ಲ ಒಳಗಿಂದರ ತಲೆ ಮೇಲೆ. ಬಿಟ್ಟಾಗಲೂ ಒಳಗಿಂದು ಉಜ್ಜುತ್ತಲೇ ಇರುತ್ತೆ.

ಬ್ರಾಕೆಟಿಂದ ಎರಡೂ ಪಿನ್ ಎಳೆದು ನೋಡಿ. ಸರಿ ಇರೋದು ಎರಡೇ ಬೆರಳಲ್ಲಿ ಹೊರಗೆ ಬರುತ್ತೆ, ವಾಪಸ್ ತಳ್ಳಿ ಬಿಟ್ರೆ ಒಳಗಿನ ಗಾಳಿಗೆ ಸ್ವಲ್ಪ ಹೊರಕ್ಕೆ ಜಾರುತ್ತೆ. ಕೆಟ್ಟಿದ್ದು ತಿರುಚಿದ್ರೂ ಬರಲ್ಲ, ಬಂದಾಗ ಮೇಲೆ ಕಪ್ಪು ಅಂಟು, ಒಂದು ಕಡೆ ಕಂದು ಬಣ್ಣದ ತುಕ್ಕಿನ ಪಟ್ಟೆ ಇರುತ್ತೆ. ಆ ಪಟ್ಟೆಯ ಮೇಲೆ ಉಗುರು ಎಳೀರಿ. ಉಗುರು ಸಿಕ್ಕಿಕೊಂಡ್ರೆ ಪಿನ್ ತಿಂದುಹೋಗಿದೆ, ಹೊಸದು ಹಾಕಿ. ಸಿಕ್ಕಿಕೊಳ್ಳದಿದ್ರೆ ತೊಳೆದು, ತೂತಿನೊಳಗಿನ ಹಳೇ ಗ್ರೀಸ್ ಪೂರ್ತಿ ತೆಗೆದು, ಹೊಸ ಗ್ರೀಸ್ ತೆಳ್ಳಗೆ ಸವರಿ ಹಾಕಿ. ತೂತು ತುಂಬ ಗ್ರೀಸ್ ತುರುಕಿದ್ರೆ ಗಾಳಿಗೆ ಜಾಗ ಇರಲ್ಲ, ಪಿನ್ ಒಳಗೆ ಹೋಗೋದೇ ಇಲ್ಲ. ಒಂದು ಪಿನ್ನಿಗೆ ರಬ್ಬರ್ ತೋಳು ಇದ್ರೆ ಅದು ಮೇಲಿಂದೋ ಕೆಳಗಿಂದೋ ಅಂತ ಬಿಚ್ಚೋ ಮುಂಚೆ ಫೋಟೋ ಹೊಡ್ಕೊಳ್ಳಿ, ಅದಲುಬದಲು ಮಾಡೋ ಹಾಗಿಲ್ಲ.

ಅಲ್ಲಿಗೆ ನಿಲ್ಲಿಸಬೇಡಿ. ಬ್ರಾಕೆಟಲ್ಲಿ ಪ್ಯಾಡ್ ಕೂರೋ ಜಾಗದ ಸ್ಟೀಲ್ ಕ್ಲಿಪ್ ಕಿತ್ತು ಅದರ ಕೆಳಗೆ ನೋಡಿ. ಮೇಲಿಂದ ಕ್ಲಿಪ್ ಪಳಪಳ ಅಂತಿರುತ್ತೆ, ಅಡಿಯಲ್ಲಿ ತುಕ್ಕು ಪದರ ಪದರವಾಗಿ ಬೆಳೆದು ಕ್ಲಿಪ್ಪನ್ನೇ ಮೇಲಕ್ಕೆ ಎತ್ತಿರುತ್ತೆ. ಮಳೆಗಾಲದಲ್ಲಿ ಉಬ್ಬಿದ ಬಾಗಿಲು ಚೌಕಟ್ಟಲ್ಲಿ ಕೂತ ಹಾಗೆ ಪ್ಯಾಡ್ ಅಲ್ಲೇ ಕೂತುಬಿಡುತ್ತೆ. ಅರದಿಂದ ಆ ತುಕ್ಕು ಮಾತ್ರ ಹೋಗೋವರೆಗೆ ಉಜ್ಜಿ, ಲೋಹ ಕೊರೆಯಬೇಡಿ. ಹೊಸ ಕ್ಲಿಪ್ ಹಾಕಿದ ಮೇಲೆ ಹೊಸ ಪ್ಯಾಡ್ ಬೆರಳಲ್ಲಿ ತಳ್ಳಿದ್ರೆ ಜಾರಬೇಕು. ಸುತ್ತಿಗೆ ಬೇಕು ಅನಿಸಿದ್ರೆ ಉಜ್ಜೋದು ಇನ್ನೂ ಬಾಕಿ ಇದೆ.

ಎಣ್ಣೆಕೈ

ಮೇಲಿಂದಕ್ಕೆ ಒಂದು ಸೇರ್ಪಡೆ. ಪಿನ್ ಚೆನ್ನಾಗಿದ್ದೂ ಬ್ರೇಕ್ ಬಿಡದೆ ಹಿಡಿದುಕೊಂಡಿದ್ರೆ, ಪೆಡಲ್ ಒಮ್ಮೆ ಒತ್ತಿ ಬಿಟ್ಟು ಚಕ್ರ ತಿರುಗಿಸಿ ನೋಡಿ. ಬಿಗಿಯಾಗೇ ಇದ್ರೆ ಬ್ಲೀಡರ್ ಸ್ವಲ್ಪ ತೆರೆಯಿರಿ. ಪುಚಕ್ ಅಂತ ಆಯಿಲ್ ಚಿಮ್ಮಿ ಚಕ್ರ ಸಡಿಲ ಆದ್ರೆ ಒತ್ತಡ ಒಳಗೇ ಸಿಕ್ಕಿಹಾಕಿಕೊಂಡಿದೆ ಅಂತ ಅರ್ಥ. ಹಳೇ ಗಾಡಿಗಳಲ್ಲಿ ಬಹಳ ಸಲ ಹೋಸ್ ಒಳಗಿನ ಪದರ ಊದಿಕೊಂಡಿರುತ್ತೆ, ಹೊರಗೆ ಏನೂ ಕಾಣಲ್ಲ. ಬ್ಲೀಡರ್ ತೆರೆದರೂ ಬಿಡಲಿಲ್ಲ ಅಂದ್ರೆ ಪಿಸ್ಟನ್ ಜಾಮ್ ಆಗಿದೆ ಇಲ್ಲಾ ಪ್ಯಾಡ್ ಸಿಕ್ಕಿಕೊಂಡಿದೆ.

ಹೋಸಿಗೆ ಕ್ಲಾಂಪ್ ಹಾಕಿ ಹಿಸುಕೋ ಪದ್ಧತಿ ನನಗೆ ಇಷ್ಟ ಇಲ್ಲ. ಒಳಪದರ ಹಾಳಾಗೋದು ಅಲ್ಲಿಂದಲೇ ಶುರು.

ಮೈಕ್ರೋಮೀಟರ್

ಡಿಸ್ಕಿನ ಬಗ್ಗೆ ಯಾರೂ ಹೇಳಲಿಲ್ಲ. ಒಳಗಿನ ಪ್ಯಾಡ್ ತಗಡಿಗೆ ಬಂದಿದೆ ಎಂದರೆ ಒಳಮುಖದಲ್ಲಿ ಗೀರು ಬಿದ್ದಿರುತ್ತದೆ. ಡಿಸ್ಕಿನ ಅಂಚಿನಲ್ಲೋ ನಡುಭಾಗದಲ್ಲೋ ಕನಿಷ್ಠ ದಪ್ಪವನ್ನು ಮಿ.ಮೀ.ನಲ್ಲಿ ಅಚ್ಚು ಹಾಕಿರುತ್ತಾರೆ, ತುಕ್ಕು ಉಜ್ಜಿದರೆ ಕಾಣುತ್ತದೆ. ಅದಕ್ಕಿಂತ ತೆಳುವಾಗಿದ್ದರೆ ಆ ಆ್ಯಕ್ಸಲಿನ ಎರಡೂ ಡಿಸ್ಕ್ ಬದಲಾಯಿಸಿ.

ಅಳೆಯುವುದಕ್ಕೆ ವರ್ನಿಯರ್ ಬಳಸುವವರೇ ಹೆಚ್ಚು, ಅಲ್ಲೇ ಲೆಕ್ಕ ತಪ್ಪುವುದು. ಪ್ಯಾಡ್ ತಾಗದ ಹೊರ ಅಂಚು ಸವೆಯದೆ ಏಣಿನ ಹಾಗೆ ಉಳಿದಿರುತ್ತದೆ. ವರ್ನಿಯರಿನ ದವಡೆ ಆ ಏಣಿನ ಮೇಲೆ ಕೂತು ಡಿಸ್ಕ್ ಇನ್ನೂ ದಪ್ಪ ಇದೆ ಎನ್ನುತ್ತದೆ. ಮೈಕ್ರೋಮೀಟರಾದರೆ ಏಣು ದಾಟಿ ಸವೆದ ಜಾಗಕ್ಕೇ ಹೋಗುತ್ತದೆ. ಇಲ್ಲದಿದ್ದರೆ ಎರಡೂ ಬದಿಗೆ ಒಂದೊಂದು ನಾಣ್ಯವನ್ನು ಸವೆದ ಜಾಗದಲ್ಲಿಟ್ಟು ವರ್ನಿಯರಿನಿಂದ ಅಳೆದು, ನಾಣ್ಯಗಳ ದಪ್ಪ ಕಳೆಯಿರಿ. ಸುತ್ತಲೂ ಬೇರೆ ಬೇರೆ ಕಡೆ ಅಳೆಯಬೇಕು.

ಇನ್ನೊಂದು ವಿಷಯ, ಬ್ರೇಕ್ ಒತ್ತಿದಾಗ ಸ್ಟೇರಿಂಗ್ ನಡುಗಿದರೆ 'ಡಿಸ್ಕ್ ಬೆಂಡ್ ಆಗಿದೆ' ಅನ್ನುವುದು. ಬಹುಪಾಲು ಸಂದರ್ಭಗಳಲ್ಲಿ ಡಿಸ್ಕ್ ಬೆಂಡ್ ಆಗಿರುವುದಿಲ್ಲ, ಅದರ ದಪ್ಪ ಒಂದೊಂದು ಕಡೆ ಒಂದೊಂದಾಗಿರುತ್ತದೆ ಅಥವಾ ಪ್ಯಾಡಿನ ವಸ್ತು ಅಲ್ಲಲ್ಲಿ ಅಂಟಿರುತ್ತದೆ. ಹಬ್ ಮೇಲಿನ ತುಕ್ಕಿನ ಒಂದು ಚೂರು ಡಿಸ್ಕನ್ನು ಓರೆಯಾಗಿ ಕೂರಿಸುತ್ತದೆ. ಬ್ರೇಕ್ ಒತ್ತದೆ ಓಡಿಸುವಾಗಲೂ ಪ್ರತಿ ಸುತ್ತಿನಲ್ಲೂ ಅದೇ ಜಾಗ ಪ್ಯಾಡಿಗೆ ತಾಗಿ ಸವೆಯುತ್ತದೆ. ಅದಕ್ಕೇ ಕೆಲಸ ಮುಗಿದ ದಿನ ನಡುಕ ಇರುವುದಿಲ್ಲ, ಕೆಲವು ಸಾವಿರ ಕಿ.ಮೀ. ಓಡಿದ ಮೇಲೆ ಶುರುವಾಗುತ್ತದೆ. ಆಗ ಎಲ್ಲರೂ ಡಿಸ್ಕ್ ತಯಾರಿಸಿದವರನ್ನು ಬೈಯುತ್ತಾರೆ. ಹಬ್ಬಿನ ಮುಖವನ್ನು ಬೋಲ್ಟುಗಳ ಬುಡದವರೆಗೆ ವೈರ್ ಬ್ರಷ್‌ನಿಂದ ಉಜ್ಜಿ. ಡಯಲ್ ಗೇಜ್ (ಡಿಸ್ಕಿನ ಓಲಾಟ ಅಳೆಯುವ ಮಾಪಕ) ಇದ್ದರೆ, ಚಕ್ರದ ನಟ್ಟುಗಳನ್ನೇ ವಾಷರ್ ಕೊಟ್ಟು ಬಿಗಿದು ಡಿಸ್ಕ್ ತಿರುಗಿಸಿ ನೋಡಿ. ಓಲಾಟಕ್ಕೆ ಹಲವು ತಯಾರಕರು ಕೊಡುವ ಮಿತಿ 0.05ರಿಂದ 0.10 ಮಿ.ಮೀ. ಒಳಗಿರುತ್ತದೆ. ಜಾಸ್ತಿ ಬಂದರೆ ಡಿಸ್ಕನ್ನು ಒಂದು ಬೋಲ್ಟಿನಷ್ಟು ತಿರುಗಿಸಿ ಕೂರಿಸಿ ಮತ್ತೆ ಅಳೆಯಿರಿ. ಬರೀ ಅಷ್ಟಕ್ಕೇ ಸರಿಹೋಗುವುದುಂಟು (ಸ್ಕ್ರೂ ಇಟ್ಟು ಕೂರಿಸುವ ಡಿಸ್ಕಿಗೆ ಈ ಉಪಾಯ ನಡೆಯದು).

ನಟ್ಟುಬೋಲ್ಟು

ಹಳೇ ಡಿಸ್ಕ್ ಬರದಿದ್ರೆ ಸುತ್ತಿಗೆ ಎತ್ತೋ ಮುಂಚೆ ಅದರ ಮುಖ ನೋಡಿ. ಎರಡು ಖಾಲಿ ತೂತು, ಒಳಗೆ ಥ್ರೆಡ್ ಇದ್ರೆ, ಅವು ಇರೋದೇ ಇದಕ್ಕೆ. ಸಾಮಾನ್ಯವಾಗಿ ಎಂ8 ಅಳತೆ. ಎರಡರಲ್ಲೂ ಬೋಲ್ಟ್ ಹಾಕಿ ಅದಕ್ಕೆ ಅರ್ಧ ಸುತ್ತು, ಇದಕ್ಕೆ ಅರ್ಧ ಸುತ್ತು ಅಂತ ಬಿಗಿದ್ರೆ ಡಿಸ್ಕ್ ತಾನಾಗೇ ಹೊರಗೆ ಬರುತ್ತೆ. ಹಿಂದಿನ ಚಕ್ರಕ್ಕೆ ಡಿಸ್ಕ್ ಬದಲು ಡ್ರಮ್ ಇದ್ರೆ ಅದಕ್ಕೂ ಇದೇ. ಡಿಸ್ಕ್ ಹಿಡಿದಿರೋ ಸಣ್ಣ ಸ್ಕ್ರೂಗಳಿಗೆ ಇಂಪ್ಯಾಕ್ಟ್ ಸ್ಕ್ರೂಡ್ರೈವರ್ ಬೇಕು, ಸುತ್ತಿಗೆಯಲ್ಲಿ ಹೊಡೆದ್ರೆ ತಿರುಗೋದು. ಮಾಮೂಲಿ ಸ್ಕ್ರೂಡ್ರೈವರಲ್ಲಿ ಹೋರಾಡಿದ್ರೆ ಸ್ಕ್ರೂ ತಲೆ ಹೋಗುತ್ತೆ.

ಹೊಸ ಡಿಸ್ಕ್ ಮೇಲೆ ತುಕ್ಕು ಹಿಡೀದಿರಲಿ ಅಂತ ಎಣ್ಣೆ ಬಳಿದಿರ್ತಾರೆ. ಕ್ಲೀನರಲ್ಲಿ ಎರಡೂ ಮುಖ ತೊಳೆದೇ ಹಾಕಬೇಕು.

ನಿಧಾನಗತಿ

ನಡುವೆ ಬಾಯಿ ಹಾಕ್ತಿದ್ದೀನಿ. ನನ್ನ ಕಾರಿಗೆ ಹಿಂದೆಯೂ ಡಿಸ್ಕ್ ಇದೆ. ಸಿ ಕ್ಲಾಂಪ್ ಹಾಕಿ ಎಷ್ಟು ಬಿಗಿದ್ರೂ ಪಿಸ್ಟನ್ ಒಳಗೆ ಹೋಗ್ತಿಲ್ಲ.

ಹಳೇಪಾನಾ

ಬಿಗಿಯೋದು ನಿಲ್ಲಿಸಿ ಮೊದಲು! ಪಿಸ್ಟನ್ ಮುಖದಲ್ಲಿ ಅಡ್ಡ ಗೀಟೋ ಗುಂಡಿಯೋ ಇದ್ರೆ ಅದರೊಳಗೇ ಹ್ಯಾಂಡ್‌ಬ್ರೇಕಿನ ಸ್ಕ್ರೂ ಇದೆ. ಒತ್ತುತ್ತಾ ತಿರುಗಿಸಬೇಕು, ಬರೀ ಒತ್ತಿದ್ರೆ ಒಳಗಿನ ಯಂತ್ರ ಮುರಿಯುತ್ತೆ. ಪಿಸ್ಟನ್ ತಿರುಗಿಸೋ ಸೆಟ್ ತಗೊಳ್ಳೋಕೆ ಅರ್ಥ ಇರೋದು ಇಲ್ಲಿ ಮಾತ್ರ. ಹೆಚ್ಚಿನವು ಪ್ರದಕ್ಷಿಣೆಯಾಗಿ ತಿರುಗಿಸಿದ್ರೆ ಒಳಗೆ ಹೋಗ್ತವೆ, ಕೆಲವು ಕಾರುಗಳಲ್ಲಿ ಒಂದು ಬದಿಯದು ಉಲ್ಟಾ. ಒಳಗೆ ಹೋದ ಮೇಲೆ ಪ್ಯಾಡಿನ ಹಿಂದಿನ ಗುಬುಟು ಪಿಸ್ಟನ್ನಿನ ಗೀಟಿಗೆ ಕೂರೋ ಹಾಗೆ ಸರಿಮಾಡಿ.

ಹ್ಯಾಂಡ್‌ಬ್ರೇಕ್ ಲಿವರ್ ಇಲ್ಲದೆ ಬರೀ ಬಟನ್ ಇರೋ ಕಾರಾದ್ರೆ ಕಥೆಯೇ ಬೇರೆ. ಕ್ಯಾಲಿಪರ್ ಬೆನ್ನಿಗೆ ಮೋಟಾರ್ ಇರುತ್ತೆ. ಸ್ಕ್ಯಾನ್ ಟೂಲಿಂದಲೋ, ಕಾರಿನ ಕೈಪಿಡಿಯಲ್ಲಿ ಹೇಳಿರೋ ಬಟನ್ ಕ್ರಮದಿಂದಲೋ ಸರ್ವೀಸ್ ಮೋಡಿಗೆ ಹಾಕಿದ ಮೇಲೇ ಮುಟ್ಟಬೇಕು.

ಡ್ರಮ್ಮುಶೂ

ಡ್ರಮ್ ಇರೋರಿಗೂ ಎರಡು ಮಾತು. ಒಂದು ಬದಿ ಮುಗಿಯೋವರೆಗೆ ಇನ್ನೊಂದು ಬದಿ ಬಿಚ್ಚಬೇಡಿ. ಯಾವ ಸ್ಪ್ರಿಂಗ್ ಎಲ್ಲಿತ್ತು ಅಂತ ಗೊಂದಲ ಆದ್ರೆ ಆ ಕಡೆ ನೋಡಿ ಇಲ್ಲಿ ಹಾಕಬಹುದು, ಕನ್ನಡಿಯಲ್ಲಿ ಕಂಡ ಹಾಗೆ ಎಡ ಬಲ ಬದಲಾಗಿರುತ್ತೆ ಅಷ್ಟೇ. ಡ್ರಮ್ ಒಳಗಿನ ಅಂತರ ಸರಿಮಾಡೋ ಅಡ್ಜಸ್ಟರ್ ಎಡಗಡೆದು ಬಲಕ್ಕೆ ಹಾಕಬಾರದು, ಬಹಳ ಕಾರುಗಳಲ್ಲಿ ಎರಡರ ಥ್ರೆಡ್ ವಿರುದ್ಧ ದಿಕ್ಕು. ಅದಲುಬದಲಾದ್ರೆ ತಾನಾಗಿ ಬಿಗಿಯಾಗೋ ಬದಲು ತಾನಾಗಿ ಸಡಿಲ ಆಗುತ್ತೆ. ಡ್ರಮ್ ಬರದಿದ್ರೆ ಹ್ಯಾಂಡ್‌ಬ್ರೇಕ್ ಬಿಟ್ಟಿದ್ದೀರಾ ನೋಡಿ, ಆಮೇಲೆ ಹಿಂದಿನ ತೂತಿಂದ ಅಡ್ಜಸ್ಟರ್ ಸಡಿಲ ಮಾಡಿ. ಸ್ಪ್ರಿಂಗ್ ಕೀಳೋವಾಗ ಕಣ್ಣಿಗೆ ಕನ್ನಡಕ ಇರಲಿ.

ಧೂಳನ್ನ ಕಂಪ್ರೆಸರ್ ಗಾಳಿಯಲ್ಲಿ ಊದಬೇಡಿ. ಹಳೇ ಲೈನಿಂಗಲ್ಲಿ ಆಸ್ಬೆಸ್ಟಾಸ್ ಇರಬಹುದು. ಒದ್ದೆ ಮಾಡಿ ಒರೆಸಿ ತೆಗೀರಿ.

ಮೈಕ್ರೋಮೀಟರ್

ಕ್ಲೀನರ್ ಬಗ್ಗೆ ಒಂದು ಎಚ್ಚರಿಕೆ. ಕ್ಲೋರಿನ್ ಇರುವ ಬಗೆ, ಇಲ್ಲದ ಬಗೆ ಎಂದು ಎರಡಿವೆ. ಇಲ್ಲದ್ದು ಬೇಗ ಬೆಂಕಿ ಹತ್ತಿಕೊಳ್ಳುತ್ತದೆ. ಇರುವುದರಿಂದ ತೊಳೆದ ಭಾಗಕ್ಕೆ ವೆಲ್ಡಿಂಗ್ ಮಾಡಿದರೆ ಫಾಸ್ಜೀನ್ ಎಂಬ ವಿಷಾನಿಲ ಹುಟ್ಟಬಹುದು, ಸ್ವಲ್ಪವೇ ಸಾಕು ಪ್ರಾಣಕ್ಕೆ. ಎರಡನ್ನೂ ಬಯಲಿನಲ್ಲಿ ಬಳಸಿ. ಕ್ಲೀನರ್ ಹಾಕಿದ ಭಾಗಕ್ಕೆ ಬೆಂಕಿ ತೋರಿಸಲೇಬೇಡಿ.

ನಾಲ್ಕುಚಕ್ರ

ಹಳೇಪಾನಾ ಸರ್, ಕೆಳಗಿನ ಪಿನ್ ನೀವು ಹೇಳಿದ ಹಾಗೇ ಇತ್ತು, ಉಗುರು ಸಿಕ್ಕಿಕೊಳ್ತು. ಎರಡೂ ಹೊಸದು ತರಿಸಿ ಹಾಕಿದೆ. ಕ್ಲಿಪ್ ಕೆಳಗಿನ ತುಕ್ಕು ಕೆರೆದಾಗ ಬಿಲ್ಲೆ ಬಿಲ್ಲೆಯಾಗಿ ಉದುರಿತು. ಡಿಸ್ಕ್ ಜೋಡಿಯೂ ಬದಲಾಯ್ತು. ಇನ್ನು ಉಳಿದಿರೋದು ಆಯಿಲ್. ಒಬ್ಬನೇ ಮಾಡಬೇಕು. ವ್ಯಾಕ್ಯೂಮ್ ಪಂಪ್ ತಗೊಳ್ಲಾ?

ಎಣ್ಣೆಕೈ

ನನ್ನ ಮತ ಇಲ್ಲ ಅಂತ. ವ್ಯಾಕ್ಯೂಮ್ ಎಳೆದಾಗ ಬ್ಲೀಡರಿನ ಥ್ರೆಡ್ ಸಂದಿಯಿಂದಲೂ ಗಾಳಿ ಬರುತ್ತೆ, ಟ್ಯೂಬಲ್ಲಿ ಗುಳ್ಳೆ ನಿಲ್ಲೋದೇ ಇಲ್ಲ. ಸಿಸ್ಟಂನಲ್ಲಿ ಏರ್ ಇದೆಯೋ ಹೊರಗಿಂದ ಬರ್ತಿದೆಯೋ ಗೊತ್ತಾಗಲ್ಲ. ಬುಡಕ್ಕೆ ಸ್ವಲ್ಪ ಗ್ರೀಸ್ ಮೆತ್ತಿದ್ರೆ ಕಡಿಮೆ ಆಗುತ್ತೆ. ಅದರ ಬದಲು ಡಬ್ಬಿಯ ಮುಚ್ಚಳದ ಜಾಗಕ್ಕೆ ಕೂತು ಆಯಿಲನ್ನ ಮೇಲಿಂದ ಒತ್ತಿ ತಳ್ಳೋ ಪ್ರೆಷರ್ ಬ್ಲೀಡರ್ ತಗೊಳ್ಳಿ, ಒತ್ತಡ 1 ಬಾರ್ ದಾಟಿಸಬೇಡಿ. ದುಡ್ಡೇ ಖರ್ಚು ಬೇಡ ಅಂದ್ರೆ ಡಬ್ಬಿ ತುಂಬಿಸಿ, ಬ್ಲೀಡರ್ ತೆರೆದು ಟ್ಯೂಬ್ ಬಾಟಲಿಗೆ ಬಿಟ್ಟು ಸುಮ್ಮನೆ ಕೂತ್ಕೊಳ್ಳಿ, ತಾನಾಗೇ ಇಳಿದು ಬರುತ್ತೆ. ಡಬ್ಬಿ ಖಾಲಿ ಆಗದ ಹಾಗೆ ನೋಡ್ಕೊಂಡ್ರೆ ಆಯ್ತು.

ಮೊದಲು ಡಬ್ಬಿಯಲ್ಲಿರೋ ಕಪ್ಪು ಆಯಿಲನ್ನ ಸಿರಿಂಜಲ್ಲಿ ಎಳೆದು ಹೊಸದು ತುಂಬಿ. ಇಲ್ಲದಿದ್ರೆ ಆ ಕೊಳೆಯೇ ಇಡೀ ಪೈಪು ಸುತ್ತಿ ಬರುತ್ತೆ. ಮಾಮೂಲಿ ಕಾರಿಗೆ ಒಂದು ಲೀಟರ್ ಸಾಕಾಗುತ್ತೆ.

ಹಳೇಪಾನಾ

ಯಾರಾದ್ರೂ ಪೆಡಲ್ ತುಳಿಯೋಕೆ ಸಿಕ್ಕಿದ್ರೆ, ಪೆಡಲ್ ಕೆಳಗೆ ಒಂದು ಮರದ ತುಂಡು ಇಡಿ. ಮಾಸ್ಟರ್ ಸಿಲಿಂಡರಿನ (ಪೆಡಲ್ ಒತ್ತಿದಾಗ ಆಯಿಲ್ ತಳ್ಳೋ ಭಾಗ) ಕೊನೆಯ ಭಾಗಕ್ಕೆ ಪಿಸ್ಟನ್ ದಿನವೂ ಹೋಗಲ್ಲ, ಹಳೇ ಗಾಡಿಯಲ್ಲಿ ಅಲ್ಲಿ ತುಕ್ಕು ಕೂತಿರುತ್ತೆ. ನೆಲ ಮುಟ್ಟೋ ಹಾಗೆ ತುಳಿದ್ರೆ ಸೀಲ್ ಆ ತುಕ್ಕಿನ ಮೇಲೆ ಓಡಾಡಿ ಹರಿಯುತ್ತೆ. ಯಾವ ಚಕ್ರ ಮೊದಲು ಅನ್ನೋದು ಕಾರಿಂದ ಕಾರಿಗೆ ಬೇರೆ. 'ದೂರದ್ದು ಮೊದಲು' ಅನ್ನೋ ನಿಯಮ ಎಲ್ಲಕ್ಕೂ ನಡೆಯಲ್ಲ, ಕೈಪಿಡಿ ನೋಡಿ.

ಮೈಕ್ರೋಮೀಟರ್

ಆಯಿಲಿನ ಆಯ್ಕೆಗೂ ಕೈಪಿಡಿಯೇ. ಡಾಟ್ ಎನ್ನುವುದು ಬ್ರೇಕ್ ಆಯಿಲಿನ ದರ್ಜೆ. ಡಾಟ್ 3ರ ಕನಿಷ್ಠ ಕುದಿಬಿಂದು ಹೊಸದಿದ್ದಾಗ 205 ಡಿಗ್ರಿ ಸೆಲ್ಸಿಯಸ್, ನೀರು ಹೀರಿದ ಮೇಲೆ 140. ಡಾಟ್ 4ಕ್ಕೆ 230 ಮತ್ತು 155. ನೀರು ಎಂದರೆ ತೂಕದಲ್ಲಿ ಬರೀ 3.7 ಶೇಕಡಾ, ಅಷ್ಟಕ್ಕೇ ಇಷ್ಟು ಇಳಿತ. ಘಾಟಿ ಇಳಿಯುವಾಗ ಆ ನೀರು ಆವಿಯಾದರೆ ಪೆಡಲ್ ನೆಲಕ್ಕೆ ಹೋಗುತ್ತದೆ. ಡಾಟ್ 5 ಸಿಲಿಕೋನ್, ಉಳಿದವುಗಳ ಜೊತೆ ಬೆರೆಸುವಂತಿಲ್ಲ, ಡಾಟ್ 5.1 ಬೇರೆ, ಅದು 3 ಮತ್ತು 4ರ ಜಾತಿಯದೇ. ಸೀಲ್ ಒಡೆದ ಬಾಟಲಿ ಗಾಳಿಯ ತೇವ ಹೀರುತ್ತದೆ, ಮುಂದಿನ ಸಲಕ್ಕೆಂದು ಎತ್ತಿಡಬೇಡಿ.

ನಟ್ಟುಬೋಲ್ಟು

ಕಾರು ಕೆಳಗಿಳಿಸಿದ ಮೇಲೆ ಎಂಜಿನ್ ಸ್ಟಾರ್ಟ್ ಮಾಡೋ ಮುಂಚೆ ಪೆಡಲ್ ಗಟ್ಟಿಯಾಗೋವರೆಗೆ ತುಳೀರಿ. ಪಿಸ್ಟನ್ ಹಿಂದಕ್ಕೆ ಹೋಗಿದೆ, ಮೊದಲ ತುಳಿತಕ್ಕೆ ಬ್ರೇಕೇ ಇರಲ್ಲ. ಚಕ್ರದ ನಟ್ಟು ನಕ್ಷತ್ರದ ಆಕಾರದಲ್ಲಿ, ಕೈಪಿಡಿಯ ಟಾರ್ಕಿಗೆ. ಸುಮಾರು 100 ಕಿ.ಮೀ. ಆದ ಮೇಲೆ ಮತ್ತೊಮ್ಮೆ.

ಹೊಸ ಪ್ಯಾಡನ್ನ ಡಿಸ್ಕಿಗೆ ಹೊಂದಿಸೋಕೆ ಪೊಟ್ಟಣದ ಮೇಲೆ ಬರೆದಿರೋ ಕ್ರಮವೇ ಒಳ್ಳೇದು. ಏನೂ ಬರೆದಿಲ್ಲ ಅಂದ್ರೆ ಖಾಲಿ ರಸ್ತೆಯಲ್ಲಿ 50-60 ವೇಗದಿಂದ 10ಕ್ಕೆ ಹದವಾಗಿ ಇಳಿಸೋದು, ಹೀಗೆ ಎಂಟು ಹತ್ತು ಸಲ, ಪೂರ್ತಿ ನಿಲ್ಲಿಸದೆ. ಬಿಸಿ ಇರೋವಾಗ ಪೆಡಲ್ ಒತ್ತಿಕೊಂಡು ನಿಂತ್ರೆ ಆ ಜಾಗದಲ್ಲಿ ಪ್ಯಾಡಿನ ಗುರುತು ಡಿಸ್ಕಿಗೆ ಅಂಟುತ್ತೆ.

ಎಣ್ಣೆಕೈ

ಓಡಿಸಿ ಬಂದ ಮೇಲೆ ಇನ್‌ಫ್ರಾರೆಡ್ ಥರ್ಮಾಮೀಟರಲ್ಲಿ ಎಡ ಬಲ ಡಿಸ್ಕ್ ಎರಡನ್ನೂ ಒಂದೇ ಜಾಗದಲ್ಲಿ ಅಳೀರಿ. ಹೊಳೆಯೋ ಲೋಹದ ಮೇಲೆ ಅದು ತೋರಿಸೋ ಅಂಕಿ ನಂಬಬೇಡಿ, ವ್ಯತ್ಯಾಸ ನೋಡಿ. ಒಂದು ಕಡೆ ತೀರಾ ಬಿಸಿ ಇದ್ರೆ ಅಲ್ಲಿ ಏನೋ ಹಿಡಿದುಕೊಂಡಿದೆ.

ನಾಲ್ಕುಚಕ್ರ

ಎರಡೂ ಕಡೆ ಹೆಚ್ಚುಕಮ್ಮಿ ಸಮ ಬಂತು. ಪೆಡಲ್ ಗಟ್ಟಿ ಇದೆ. ಎಲ್ಲರಿಗೂ ಥ್ಯಾಂಕ್ಸ್.

ನಿಧಾನಗತಿ

ತಿರುಗಿಸೋ ಸೆಟ್ ತಂದ ಮೇಲೆ ನನ್ನ ಪಿಸ್ಟನ್ ಒಳಗೆ ಹೋಯ್ತು. ಇನ್ನೊಂದು ಪ್ರಶ್ನೆ ಇದೆ, ಭಾವನ ಕಾರಿನದು. ಸೆಕೆಂಡ್ ಹ್ಯಾಂಡ್ ತಗೊಂಡಿದ್ದು, ಹಿಂದಿನ ಓನರ್ ಮುಂದಿನ ಎರಡೂ ಕ್ಯಾಲಿಪರ್ ಹೊಸದು ಹಾಕಿಸಿದ್ದಾರಂತೆ. ಎಷ್ಟು ಏರ್ ತೆಗೆದ್ರೂ ಪೆಡಲ್ ಮೆತ್ತಗೇ ಇದೆ. ಎಲ್ಲೂ ಲೀಕ್ ಇಲ್ಲ.

ಹಳೇಪಾನಾ

ಬ್ಲೀಡರ್ ಕ್ಯಾಲಿಪರಿನ ಮೇಲ್ತುದಿಯಲ್ಲಿದೆಯಾ, ಕೆಳಗಿದೆಯಾ?

ನಿಧಾನಗತಿ

ಈಗ ನೋಡಿ ಬಂದೆ. ಎರಡೂ ಕಡೆ ಕೆಳಗಿದೆ.

ಹಳೇಪಾನಾ

ಎಡಗಡೆದು ಬಲಕ್ಕೆ, ಬಲಗಡೆದು ಎಡಕ್ಕೆ ಕೂತಿವೆ. ಗಾಳಿ ಮೇಲೆ ನಿಲ್ಲುತ್ತೆ, ನೀವು ಕೆಳಗಿಂದ ಆಯಿಲ್ ಮಾತ್ರ ತೆಗೀತಿದ್ದೀರಿ. ಎರಡನ್ನೂ ಬಿಚ್ಚಿ ಅದಲುಬದಲು ಮಾಡಿ. ಹೋಸನ್ನ ಕ್ಯಾಲಿಪರಿಗೆ ಜೋಡಿಸೋ ಬ್ಯಾಂಜೋ ಬೋಲ್ಟಿನಲ್ಲಿ ಹೋಸ್ ತುದಿಯ ಎರಡು ಬದಿಗೂ ಹೊಸ ತಾಮ್ರದ ವಾಷರ್ ಹಾಕಿ, ಹೋಸ್ ತಿರುಚದ ಹಾಗೆ ನೋಡ್ಕೊಳ್ಳಿ, ಆಮೇಲೆ ಏರ್ ತೆಗೀರಿ.